ಮುಯ್ಯಿ ಪಾಠ

ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೇಷ್ಟ್ರಾದವನು ಹೀಗೆ ಹೇಳಬಾರದು, ಗೊತ್ತು. ನಮ್ಮ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಆ ಮಾತನ್ನು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಪೇಂಟರ್ ಒಬ್ಬನೇ ಬಂದ, ಒಬ್ಬನೇ ಏಣಿ ಹಾಕಿಕೊಂಡ, ಒಬ್ಬನೇ ಬರೆದು ಹೋದ. ಜೊತೆಗೆ ಇನ್ನೊಬ್ಬನಿದ್ದಿದ್ದರೆ ಬರಹ ಇವತ್ತಿಗೂ ಅರ್ಧಕ್ಕೇ ನಿಂತಿರುತ್ತಿತ್ತು. ತೆಂಗಿನ ಮರವನ್ನೂ ಒಬ್ಬನೇ ಹತ್ತಬೇಕು. ಇಬ್ಬರು ಒಟ್ಟಿಗೆ ಹತ್ತಿ ಕಾಯಿ ಕೆಡವಿದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಪಾಠವೂ ಅಂಥದೇ ಕೆಲಸ ಎಂದು ನಂಬಿಕೊಂಡು ನಾನು ಇಷ್ಟು ವರ್ಷ ಬದುಕಿದ್ದೆ.

ನಾನು ಶೆಟ್ಟಿಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ತಿಪಟೂರಿನಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತೇನೆ. ಸೇರಿದಾಗಿನಿಂದ ಹತ್ತನೇ ತರಗತಿಯ ಗಣಿತ ನನ್ನದು. ಇದೇನು ದೊಡ್ಡ ವಿಷಯ ಎನ್ನಬೇಡಿ. ಎಂಟನೇ ತರಗತಿಯ ಮೇಷ್ಟ್ರಿಗೆ ಬಸ್ಸಿನಲ್ಲಿ ಯಾರೂ ಸೀಟು ಬಿಡುವುದಿಲ್ಲ. ಹತ್ತನೆಯದರ ಗಣಿತದ ಮೇಷ್ಟ್ರೆಂದರೆ ಗಡ್ಡಕ್ಕೆ ಬಣ್ಣ ಹಾಕಿಕೊಂಡ ಕೊಬ್ಬರಿ ವ್ಯಾಪಾರಿಯೂ ಎದ್ದು ನಿಂತು, 'ನಮ್ಮ ಮಗ ಪಾಸಾಗ್ತಾನಾ ಸಾರ್' ಎಂದು ವಿಚಾರಿಸುತ್ತಾನೆ. ನನ್ನ ಪಾಠದ ರೀತಿಯೂ ಆ ಗೌರವಕ್ಕೆ ತಕ್ಕಂತೆಯೇ ಇತ್ತು. ಒಳಗೆ ಹೋದ ಕೂಡಲೇ ಬಾಗಿಲು ಹಾಕುತ್ತಿದ್ದೆ. ಆಮೇಲೆ ನನ್ನ ದನಿ ಮತ್ತು ಸೀಮೆಸುಣ್ಣದ ಸದ್ದು ಬಿಟ್ಟರೆ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಮಕ್ಕಳ ಆ ಮೌನವನ್ನು ನಾನು ಭಕ್ತಿ ಎಂದೇ ತಿಳಿದಿದ್ದೆ.

ಇಂಥ ನೆಮ್ಮದಿಗೆ ಕಲ್ಲು ಹಾಕಿದ್ದು ಒಂದು ತರಬೇತಿ. ಶಿಕ್ಷಕರು ಕೂಡಿ ಪಾಠ ಮಾಡಿದರೆ ಮಕ್ಕಳು ಅರಳುತ್ತಾರೆ ಎನ್ನುವುದು ಅದರ ಸಾರಾಂಶ. ಈ ಸಾರಾಂಶವನ್ನು ಹೇಳಲು ನಮ್ಮನ್ನು ತಾಲ್ಲೂಕು ಕೇಂದ್ರದಲ್ಲಿ ಕೂಡಿಹಾಕಿ ಮೂರು ದಿನ ಉಪ್ಪಿಟ್ಟು ತಿನ್ನಿಸಿದರು. ನಿವೃತ್ತಿಗೆ ಹತ್ತಿರವಾದ ಮಂದಿಯನ್ನು ವೃತ್ತಾಕಾರದಲ್ಲಿ ನಿಲ್ಲಿಸಿ ಒಬ್ಬರಿಂದ ಒಬ್ಬರಿಗೆ ಉಣ್ಣೆಯ ಉಂಡೆ ಎಸೆಸಿದರು. ಕೊನೆಗೆ ದಾರವೆಲ್ಲ ಸಿಕ್ಕುಸಿಕ್ಕಾಗಿ ನಿಂತಾಗ ತರಬೇತುದಾರ, 'ಇದೇ ನೋಡಿ ತಂಡ' ಎಂದು ಹಿಗ್ಗಿದ. ಅವನ ಬಾಯಿಂದ ಬಂದ ಮಾತುಗಳಲ್ಲಿ ಅದೊಂದೇ ನಿಜ. ಆ ಸಿಕ್ಕು ಬಿಡಿಸಲು ಅಟೆಂಡರ್‌ಗೆ ಸಂಜೆಯವರೆಗೆ ಬೇಕಾಯಿತು.

ನಮ್ಮ ಹೆಡ್‌ಮೇಡಂ ಗಿರಿಜಮ್ಮನವರು ತುರುವೇಕೆರೆ ಕಡೆಯವರು, ಒಳ್ಳೆಯವರು. ಒಳ್ಳೆಯವರಲ್ಲಿರುವ ದೋಷವೆಂದರೆ ಕೇಳಿದ್ದನ್ನೆಲ್ಲ ಜಾರಿಗೆ ತಂದುಬಿಡುತ್ತಾರೆ. ಇನ್ನು ಮೇಲೆ ವಾರಕ್ಕೊಂದು ಪಾಠವನ್ನು ಎಲ್ಲರೂ ಕೂತು ಯೋಜಿಸಬೇಕು, ಒಬ್ಬರು ಮಾಡಬೇಕು, ಉಳಿದವರು ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳನ್ನು ಗಮನಿಸಬೇಕು, ಆಮೇಲೆ ಕಂಡದ್ದನ್ನು ಹೇಳಬೇಕು ಎಂದರು. ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸದೆ ನನ್ನನ್ನು ಪಕ್ಕಕ್ಕೆ ಕರೆದು, ಹತ್ತನೇ ತರಗತಿಯ ಮಕ್ಕಳು ಗಣಿತದ ಪೀರಿಯಡ್‌ನಲ್ಲಿ ಬಾಯಿಯನ್ನೇ ಬಿಡುವುದಿಲ್ಲವಂತಲ್ಲ, ದಸರಾ ರಜೆಯವರೆಗೆ ಹೀಗೇ ಇದ್ದರೆ ಅರ್ಧ ಪೀರಿಯಡ್‌ಗಳನ್ನು ಶಿವಾನಂದಪ್ಪನವರಿಗೆ ಕೊಡೋಣ ಎಂದು ಮೆತ್ತಗೆ ತಿಳಿಸಿದರು. ಶಿವಾನಂದಪ್ಪ ಎಂಟು ಮತ್ತು ಒಂಬತ್ತನೇ ತರಗತಿಗಳ ಗಣಿತದ ಮೇಷ್ಟ್ರು. ಬಿಳಿಗೆರೆಯಲ್ಲಿ ಅವನಿಗೆ ತೋಟವಿದೆ. ಸ್ಟಾಫ್ ರೂಮಿನಲ್ಲಿ ಕೊಬ್ಬರಿಯ ಧಾರಣೆ ಬಿಟ್ಟು ಬೇರೆ ಮಾತಾಡಿದವನಲ್ಲ. ಅಂಥವನಿಗೆ ನನ್ನ ಹತ್ತನೇ ತರಗತಿ ಹೋಗುತ್ತದೆ ಎಂದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಆದರೆ ನಮ್ಮ ಜನರ ಕೈಗೆ ಸಿಕ್ಕಿದ ಯಾವ ಯೋಜನೆಯೂ ಅದರ ರೂಪದಲ್ಲೇ ಉಳಿಯುವುದಿಲ್ಲ. ಇಲ್ಲಿ ಮುಯ್ಯಿ ಎಂಬ ಒಂದು ಪದ್ಧತಿಯಿದೆ. ನಿಮ್ಮ ಮನೆಯಲ್ಲಿ ಕಾಯಿ ಸುಲಿಯುವ ದಿನ ನಾನು ಬಂದು ಆಳಾಗಿ ದುಡಿಯುತ್ತೇನೆ, ನಮ್ಮ ಮನೆಯಲ್ಲಿ ಸುಲಿಯುವ ದಿನ ನೀವು ಬಂದು ದುಡಿಯುತ್ತೀರಿ. ಬಂದ ಮುಯ್ಯಾಳಿಗೆ ಹೊಟ್ಟೆ ತುಂಬ ಊಟ ಹಾಕಬೇಕು. ಉಂಡವನು ಸಾರಿಗೆ ಉಪ್ಪಿಲ್ಲ ಎಂದು ಬಾಯಿಬಿಡಬಾರದು. ತಿಂದ ಮುಯ್ಯಿಯನ್ನು ತೀರಿಸದವನಿಗೆ ಊರಲ್ಲಿ ಮುಖವಿಲ್ಲ. ನಮ್ಮ ಮೇಷ್ಟ್ರುಗಳು ತಂಡಬೋಧನೆಯನ್ನು ಒಂದೇ ವಾರದಲ್ಲಿ ಈ ಮುಯ್ಯಿಗೆ ಇಳಿಸಿಬಿಟ್ಟರು. ಪಾಠ ಮಾಡಿದವರು ವಡೆ, ಕಾಫಿ ತರಿಸುವುದು, ಹಿಂದೆ ಕೂತವರು ವಡೆ ತಿಂದು 'ತುಂಬಾ ಚೆನ್ನಾಗಿತ್ತು' ಎನ್ನುವುದು. ಸಮಾಜದ ಮೇಷ್ಟ್ರ ಪಾಠದಲ್ಲಿ ಅರ್ಧ ತರಗತಿ ತೂಕಡಿಸುತ್ತಿತ್ತು, ತುಂಬಾ ಚೆನ್ನಾಗಿತ್ತು. ಶಿವಾನಂದಪ್ಪನ ತ್ರಿಕೋನ ಬೋರ್ಡಿನ ಅಂಚಿಗೆ ಹೋಗಿ ಮೂರನೇ ಬಾಹುವಿಗೆ ಜಾಗವಿಲ್ಲದೆ ನಿಂತಿತು, ಅದೂ ತುಂಬಾ ಚೆನ್ನಾಗಿತ್ತು. ಹಿಂದಿನ ಬೆಂಚಿನಲ್ಲಿ ಕೂತು ನಾನು ಮನಸ್ಸಿನಲ್ಲಿಯೇ ಇವರನ್ನೆಲ್ಲ ಉಗಿದೆ. ಹಾಗೆಂದು ವಡೆಯನ್ನೇನೂ ಬಿಡಲಿಲ್ಲ.

ಅಲ್ಲೇ ನಾನು ಎಡವಿದ್ದು. ತಿಂದ ವಡೆಗೆ ನನ್ನ ಮೇಲೆ ಮುಯ್ಯಿ ಬಿತ್ತು. ಸರ್ಕಾರದ ಆದೇಶವಾಗಿದ್ದರೆ ಜಾರಿಕೊಳ್ಳಲು ನೂರು ದಾರಿಯಿತ್ತು, ಮುಯ್ಯಿಯಿಂದ ಜಾರಿಕೊಂಡು ಈ ತೆಂಗಿನ ಸೀಮೆಯಲ್ಲಿ ಯಾರೂ ಬಾಳಿಲ್ಲ. 'ಎಲ್ರ ಮನೇಲೂ ಉಂಡಾಯ್ತು, ನಿಮ್ಮನೇ ಒಲೆ ಯಾವಾಗ ಹಚ್ತೀರಿ ಸಾರ್' ಎಂದು ಶಿವಾನಂದಪ್ಪ ದಿನವೂ ಕೇಳತೊಡಗಿದ. ಕೊನೆಗೆ ನನ್ನ ಬಾಗಿಲು ತೆರೆದೆ. ಎಲ್ಲರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಆ ದಿನ ಗೋಳದ ಮೇಲ್ಮೈ ವಿಸ್ತೀರ್ಣ ಮಾಡಿದೆ. ನಾನೇ ಹೇಳಿಕೊಳ್ಳುತ್ತೇನೆ, ಅಂಥ ಪಾಠ ತಾಲ್ಲೂಕಿನಲ್ಲಿ ಬೇರೆಲ್ಲೂ ಆಗಿರಲಾರದು. ಬೋರ್ಡಿನ ಮೇಲೆ ಒಂದು ಸಾಲು ಸೊಟ್ಟಗಿಲ್ಲ, ಒಂದು ಅಂಕೆ ಅಳಿಸಿಲ್ಲ, ಮಕ್ಕಳಲ್ಲಿ ಒಬ್ಬರೂ ಕೆಮ್ಮಲಿಲ್ಲ. ಗಂಟೆ ಹೊಡೆಯುವುದಕ್ಕೂ ಕೊನೆಯ ಸಮೀಕರಣ ಮುಗಿಯುವುದಕ್ಕೂ ಸರಿಹೋಯಿತು.

ಸ್ಟಾಫ್ ರೂಮಿಗೆ ವಡೆ ತರಿಸಿದ್ದೆ, ಚಟ್ನಿಯನ್ನೂ ಹೇಳಿದ್ದೆ. ಎಲ್ಲರೂ ತುಂಬಾ ಚೆನ್ನಾಗಿತ್ತು ಎಂದರು. ಅಷ್ಟು ದಿನ ಆ ಮಾತನ್ನು ಹಂಗಿಸಿದವನು ನಾನೇ ಆದರೂ ನನ್ನ ವಿಷಯದಲ್ಲಿ ಅದು ಸತ್ಯವೇ ಎನ್ನಿಸಿತು. ಆಮೇಲೆ ಇಂಗ್ಲಿಷಿನ ಶಬಾನಾ ಮೇಡಂ ಮಾತಾಡುವ ಸರದಿ ಬಂತು. ತಿಪಟೂರಿನವರು, ಶಾಲೆಗೆ ಹೊಸಬರು, ತೋಟ ತುಡಿಕೆ ಇಲ್ಲದ ಮನೆಯವರು. ವಡೆಯನ್ನು ಮುಟ್ಟದೆ ಕೂತಿದ್ದರು. ಅದನ್ನು ನೋಡಿಯೇ ನಾನು ಹುಷಾರಾಗಬೇಕಿತ್ತು.

'ಸಾರ್, ನೀವು ಕೇಳಿದ ಪ್ರಶ್ನೆಗೆಲ್ಲ ನೀವೇ ಉತ್ತರ ಹೇಳಿದ್ರಿ' ಎಂದರು. 'ನಾನು ಮೂರನೇ ಬೆಂಚು ನೋಡ್ತಾ ಇದ್ದೆ. ಭವ್ಯ ಎರಡು ಸಲ ಬಾಯಿ ತೆರೆದ್ಲು. ಅಷ್ಟರಲ್ಲಿ ನೀವು ಹೇಳಿಬಿಟ್ಟಿದ್ರಿ. ಆಮೇಲೆ ಅವಳು ತೆರೀಲೇ ಇಲ್ಲ.'

ಸಮಾಜದ ಮೇಷ್ಟ್ರು ಮೇಡಮ್ಮನ ಕಡೆಗೆ ವಡೆಯ ತಟ್ಟೆಯನ್ನು ಸರಿಸಿ ನೋಡಿದರು. ಇಲ್ಲಿ ಹಾಗೆಲ್ಲ ಹೇಳುವ ಪದ್ಧತಿಯಿಲ್ಲವೆಂದು ನಾನು ಸ್ವಲ್ಪ ಗಡುಸಾಗಿಯೇ ಅಂದೆ. ಅದಕ್ಕೆ ಆಕೆ ಕೋಪವಿಲ್ಲದೆ, 'ನಮ್ಮ ಅಬ್ಬಾ ಟೈಲರ್ ಸಾರ್. ಟ್ರಯಲ್‌ಗೆ ಬಂದವರು ಚೆನ್ನಾಗಿದೆ ಅಂತ ಸುಮ್ನೆ ಹೇಳಿ ಹೋದ್ರೆ ಅವರಿಗೆ ಸಿಟ್ಟು ಬರುತ್ತೆ. ಎಲ್ಲಿ ಹಿಡಿಯುತ್ತೆ ಅಂತ ಹೇಳಿ ಅಂತಾರೆ' ಎಂದರು. ಮಕ್ಕಳನ್ನು ಆಕೆ ಆಗಲೇ ವಿಚಾರಿಸಿಯೂ ಆಗಿತ್ತು. ಮೇಷ್ಟ್ರು ಪಾಪ ಎಲ್ಲವನ್ನೂ ಅವರೇ ಹೇಳಿಕೊಳ್ಳುತ್ತಾರೆ, ನಾವು ಯಾಕೆ ಅಡ್ಡ ಬರೋದು ಎಂದಿದ್ದರಂತೆ. ಇಷ್ಟು ವರ್ಷ ನಾನು ಭಕ್ತಿ ಎಂದುಕೊಂಡಿದ್ದು ಬರಿಯ ಮರ್ಯಾದೆಯಾಗಿತ್ತು. ಮುಖದ ಮೇಲೆ ತಣ್ಣೀರು ಬಿದ್ದ ಹಾಗಾಯಿತು, ಮತ್ತು ಆ ಹೆಂಗಸಿನ ಮೇಲೆ ವಿಪರೀತ ಸಿಟ್ಟು ಬಂತು.

ಸಿಟ್ಟನ್ನು ಮನೆಗೆ ಕೊಂಡೊಯ್ದೆ. ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಮೊನ್ನೆ ಮೊನ್ನೆ ಬಂದವಳು ನನಗೆ ಪಾಠ ಮಾಡಲು ಹೇಳಿಕೊಡುತ್ತಾಳೆ, ನೀನೇ ಹೇಳು, ನಾನು ಯಾವತ್ತಾದರೂ ಪ್ರಶ್ನೆ ಕೇಳಿ ನಾನೇ ಉತ್ತರ ಹೇಳಿದ್ದೇನೆಯೇ, ಇಲ್ಲವೇ ಇಲ್ಲ ಎಂದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ಅಕ್ಕಿ ಆರಿಸಿದಳು. ಮದುವೆಯಾದಂದಿನಿಂದ ಅವಳು ಕಡಿಮೆ ಮಾತಿನವಳೆಂದು ನಾನು ಎಲ್ಲರ ಹತ್ತಿರ ಹೊಗಳಿಕೊಂಡಿದ್ದೇನೆ. ಅದರ ಕಾರಣ ಆ ಸಂಜೆ ಸ್ವಲ್ಪ ಹೊಳೆಯಿತು, ಆದರೆ ಅದನ್ನು ಅವಳ ಮುಂದೆ ಎತ್ತಲಿಲ್ಲ.

ಬಾಯಿ ಮುಚ್ಚಿಕೊಂಡರಾಯಿತು, ಏನು ಮಹಾ ಎಂದು ನೀವು ಅನ್ನಬಹುದು. ಪ್ರಯತ್ನಿಸಿ ನೋಡಿ. ಮರುದಿನ ಪ್ರಶ್ನೆ ಕೇಳಿ ಸುಮ್ಮನೆ ನಿಂತೆ. ಒಂದು ಉಸಿರು ತೆಗೆಯುವಷ್ಟರಲ್ಲಿ ನಾಲಿಗೆ ತಾನಾಗಿಯೇ ಉತ್ತರವನ್ನು ಕಕ್ಕಿತು. ಮೂರು ದಿನವೂ ಇದೇ ಹಣೆಬರಹ. ದಸರಾ ಹತ್ತಿರ ಬರುತ್ತಿತ್ತು. ಗಿರಿಜಮ್ಮನವರು ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಸಹಾನುಭೂತಿಯಿಂದ ನಗುತ್ತಿದ್ದರು. ಆಗ ನನ್ನನ್ನು ಕಾಪಾಡಲು ಬಂದವನು, ನನ್ನ ಕುರ್ಚಿಗೆ ಕಾದು ಕೂತಿದ್ದಾನೆಂದು ನಾನು ಒಳಗೊಳಗೇ ಶಪಿಸುತ್ತಿದ್ದ ಶಿವಾನಂದಪ್ಪ. ಜೇಬಿನಿಂದ ಒಂದು ಒಣ ಕೊಬ್ಬರಿಯ ಚೂರು ತೆಗೆದು ಕೈಗಿಟ್ಟ. ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿದ, ಕಲ್ಲಿನಂಥ ಕೊಬ್ಬರಿ.

'ಪ್ರಶ್ನೆ ಕೇಳಿ, ಇದನ್ನ ಬಾಯಿಗೆ ಹಾಕ್ಕಳಿ' ಎಂದ. 'ಅಗಿದು ಮುಗಿಯೋಗಂಟ ಮಾತಾಡಕ್ಕಾಗಕಿಲ್ಲ. ನಮ್ಮಪ್ಪ ಜಗಳಗಂಟ್ರನ್ನ ಪಂಚಾಯ್ತಿಗೆ ಕರೆದ್ರೆ ಇದನ್ನೇ ಕೊಡೋದು.'

ಇದಕ್ಕಿಂತ ಹಾಸ್ಯಾಸ್ಪದವಾದ ಶಿಕ್ಷಣತಂತ್ರ ಇನ್ನೊಂದಿಲ್ಲ ಎಂದು ಅವನ ಮುಖಕ್ಕೇ ಹೇಳಿದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಶಬಾನಾ ಮೇಡಂ ಜೊತೆ ಕೂತು ಪ್ರಶ್ನೆಯನ್ನೂ ಅವರಿಬ್ಬರೇ ಆರಿಸಿದರು. ಮುಂದಿನ ವಾರ ಎಲ್ಲರೂ ಮತ್ತೆ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಒಂದು ಉಂಡೆ ಕೊಬ್ಬರಿಯನ್ನು ಎತ್ತಿ ಹಿಡಿದು, ಇದನ್ನು ಒಡೆದು ಎರಡು ಬಟ್ಟಲು ಮಾಡಿದರೆ ಎರಡರ ಮೇಲ್ಮೈ ಸೇರಿ ಇಡೀ ಉಂಡೆಯಷ್ಟೇ ಆಗುತ್ತದೆಯೋ ಎಂದು ಕೇಳಿ ಚೂರನ್ನು ಬಾಯಿಗೆ ಹಾಕಿಕೊಂಡೆ. ಮಕ್ಕಳು ನನ್ನ ಉತ್ತರಕ್ಕೆ ಕಾದರು. ನಾನು ಅಗಿದೆ. ಅವರು ಇನ್ನೂ ಕಾದರು. ನನ್ನ ಹಣೆ ಬೆವರಿತು. ಉತ್ತರ ಗಂಟಲಲ್ಲಿ ನಿಂತು ಒದೆಯುತ್ತಿತ್ತು, ಕೊಬ್ಬರಿ ಅದಕ್ಕೆ ದಾರಿ ಬಿಡಲಿಲ್ಲ. ಕೊನೆಗೆ ಸಂಕಟ ನೋಡಲಾರದೆ ಒಬ್ಬ ಹುಡುಗ, ಅಷ್ಟೇ ಆಗುತ್ತೆ ಸಾರ್, ಏನೂ ಸೇರಿಸಿಲ್ಲವಲ್ಲ ಎಂದ. ತಪ್ಪು. ನಾನು ಇನ್ನೂ ಜೋರಾಗಿ ಅಗಿದೆ. ಆಗ ಮೂರನೇ ಬೆಂಚಿನಿಂದ ಭವ್ಯ ಎದ್ದಳು.

'ಅದೆಂಗಾಯ್ತದೆ? ಒಡೆದ ಮೇಲೆ ಅಂಚಲ್ಲಿ ಬೆಳ್ಳಗೆ ಕಾಣ್ತದಲ್ಲ, ಅದು ಮೊದ್ಲು ಹೊರಗಿರ್ಲಿಲ್ಲ. ಒಳಗಿನ ಟೊಳ್ಳೂ ಹೊರಗಾಯ್ತು. ಅದಕ್ಕೇ ಬಟ್ಟಲಿಗೆ ಬೂಸ್ಟು ಬೇಗ ಹಿಡಿಯೋದು.'

ಅಷ್ಟೇ, ತರಗತಿ ಸಂತೆಯಾಯಿತು. ಟೊಳ್ಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಕೆಲವರು, ಹಿಡಿಯಬಾರದೆಂದು ಕೆಲವರು. ಒಬ್ಬ ನನ್ನ ಕೈಯಿಂದ ಕೊಬ್ಬರಿಯನ್ನೇ ಕಿತ್ತುಕೊಂಡು ಬಾಗಿಲ ಸಂದಿಯಲ್ಲಿಟ್ಟು ಒಡೆದ. ಅಂಥ ಗದ್ದಲವನ್ನು ನಾನು ಯಾವ ಕಾಲಕ್ಕೂ ಮೆಚ್ಚಿದವನಲ್ಲ, ಅವತ್ತೂ ಮೆಚ್ಚಲಿಲ್ಲ. ಆದರೆ ಗಂಟೆ ಹೊಡೆದ ಮೇಲೂ ಯಾರೂ ಏಳಲಿಲ್ಲ. ನನಗೆ ಸಂತೋಷವಾಗಿತ್ತು, ಅದು ಯಾರಿಗೂ ಕಾಣದ ಹಾಗೆ ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡೆ.

ಅದೇ ನನಗೆ ಮುಳುವಾಯಿತು. ಗಿರಿಜಮ್ಮನವರು ಎದ್ದು ಬಂದು, ಇಬ್ಬರು ಮೂವರು ಕೂಡಿದ್ದಕ್ಕೇ ಮಕ್ಕಳು ಹೀಗೆ ಬಾಯಿಬಿಟ್ಟರಲ್ಲವೇ, ಹಾಗಾದರೆ ಇನ್ನು ಮೇಲೆ ಹತ್ತನೇ ತರಗತಿಯ ಗಣಿತವನ್ನು ನೀವು ಒಂದು ದಿನ, ಶಿವಾನಂದಪ್ಪನವರು ಒಂದು ದಿನ ತೆಗೆದುಕೊಳ್ಳಿ, ನಿಮ್ಮ ಅಭ್ಯಂತರವೇನಾದರೂ ಇದೆಯೇ ಎಂದು ಕೇಳಿದರು. ಬೇಕಾದಷ್ಟಿತ್ತು. ನಾನು ಅಗಿಯುತ್ತಿದ್ದೆ. ಅವರು ಸ್ವಲ್ಪ ಹೊತ್ತು ಕಾದು, ಸಂತೋಷ ಎಂದು ಹೊರಟುಹೋದರು. ಮಕ್ಕಳು ಮಾತಾಡದಿದ್ದರೆ ಅರ್ಧ ಹೋಗುತ್ತದೆ ಎಂದಿದ್ದರು, ಮಾತಾಡಿದ್ದಕ್ಕೂ ಅರ್ಧವೇ ಹೋಯಿತು. ತಂಡವೆಂಬುದರ ನ್ಯಾಯ ಇಂಥದು.

ಈಗ ಶಿವಾನಂದಪ್ಪನ ದಿನಗಳಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅವನ ವೃತ್ತಗಳು ಇವತ್ತಿಗೂ ಕೋಳಿಮೊಟ್ಟೆಯ ಆಕಾರದಲ್ಲೇ ಇವೆ. ಮೊನ್ನೆ ಅವನು ಒಂದು ಪ್ರಶ್ನೆ ಕೇಳಿ, ಕಿಟಕಿಯಾಚೆಯ ತೋಟ ನೋಡುತ್ತ ನಿಂತುಬಿಟ್ಟ. ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಯೋಚಿಸುತ್ತಿದ್ದಳು, ಯೋಚಿಸುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ನನ್ನ ಮುಂದಿನ ಬೆಂಚಿನಲ್ಲಿದ್ದ ಭವ್ಯ ಬೋರ್ಡಿನಿಂದ ಕಣ್ಣು ತೆಗೆಯದೆ ಮೆಲ್ಲಗೆ, 'ಸುಮ್ಕಿರಿ ಸಾರ್, ಅವ್ಳು ಯೋಚ್ನೆ ಮಾಡ್ತಾವ್ಳೆ' ಎಂದಳು. ನಾನು ಜೇಬಿನಲ್ಲಿ ಕೊಬ್ಬರಿಯ ಚೂರು ಹುಡುಕಿದೆ.