ಬೆನ್ನ ಮೇಲೆ ‘ಬರ್ತೀನಿ’ ಅಂತ ಬರೆದ ಆಟೋ

ಮನೇಲಿ ಕೂತವನಿಗೆ ಏನೂ ಆಗೋದಿಲ್ಲ, ಹೊರಗೆ ಕಾಲಿಟ್ಟವನಿಗೆ ಆಗದೇ ಇರೋದಿಲ್ಲ. ನನ್ನ ಕಾಲು ಮೊದಲಿನಿಂದಲೂ ನಿಂತಲ್ಲಿ ನಿಲ್ಲುವ ಜಾತಿಯದಲ್ಲ. ಅದಕ್ಕೇ ಇಂಥವು ನನಗೆ ಆಗ್ತಾನೇ ಇರ್ತವೆ.

ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟೆ. ರೇಷ್ಮೆ ನೂಲು ಬಿಚ್ಚೋ ಕೆಲಸಕ್ಕೆ ಸೇರಿ ಅದನ್ನೂ ಅರ್ಧಕ್ಕೆ ಬಿಟ್ಟೆ. ಲಾರಿ ಕ್ಲೀನರ್ ಆಗಿ ಹೊರಟವನು ಅರ್ಧ ದಾರಿಯಲ್ಲೇ ಇಳಿದು, ಅಲ್ಲೊಂದು ಹೋಟೆಲಿನಲ್ಲಿ ದೋಸೆ ಹುಯ್ಯೋಕೆ ನಿಂತೆ. ಹೀಗಾಗಿ ಚಿಂತಾಮಣಿಯ ನಮ್ಮ ಆಟೋ ಸ್ಟ್ಯಾಂಡಿನಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಲೇ ಇಲ್ಲ. “ಲೋ ಅರ್ಧಾ, ನಿನ್ನ ಸರದಿ ಬಂತು” ಅಂದರೆ ನಾನೇ ಏಳಬೇಕು.

ಆ ನಾನು ಒಂದು ದಿನ, “ನನ್ನ ಹಳೇ ಆಟೋದಲ್ಲೇ ಆಂಧ್ರದ ಬೆಟ್ಟಗಳನ್ನೆಲ್ಲ ಹತ್ತಿ ಇಳಿದು ಬರ್ತೀನಿ” ಅಂದೆ. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಎಲ್ಲರಿಗಿಂತ ಹಿರಿಯರಾದ, ಮೀಸೆಗೆ ದಿನಾ ಎಣ್ಣೆ ಹಚ್ಚುವ ನಮ್ಮ ಹಿರಿಯಣ್ಣ ಮೀಸೆ ತೀಡುತ್ತಾ ಹೇಳಿದರು:

“ಹೋಗೋದು ಮೂರು ಚಕ್ರದ ಮೇಲೆ, ಬರೋದು ಲಾರಿ ಮೇಲೆ. ಬರೆದಿಟ್ಕೋ.”

“ನನ್ನ ಗಾಡಿ ಅದರ ಇಂಜಿನ್ನಿನ ಮೇಲೇ ಈ ಸ್ಟ್ಯಾಂಡಿಗೆ ಬರ್ತದೆ ಅಣ್ಣಾ.”

“ಹಗ್ಗ ಕಟ್ಟಬಾರದು, ಲಾರಿಗೆ ಏರಿಸಬಾರದು, ಯಾರೂ ತಳ್ಳಬಾರದು. ಆಗ್ತದಾ?”

“ಆಗ್ತದೆ.”

“ಆಗದೇ ಇದ್ರೆ ಇಲ್ಲೇ ಕೂರಿಸಿ ಅರ್ಧ ಮೀಸೆ ಬೋಳಿಸ್ತೀನಿ. ಹೆಸರಿಗೆ ತಕ್ಕ ಮೀಸೆ ಆಗ್ತದೆ.”

“ಆದ್ರೆ?”

“ಆದ್ರೆ ನಂದು ಬೋಳಿಸು ಹೋಗೋ!”

ಹೊರಡೋ ಮುಂಚೆ ನಾನೇ ಬ್ರಷ್ ಹಿಡಿದು ಆಟೋ ಹಿಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ‘ಬರ್ತೀನಿ’ ಅಂತ ಬರೆದೆ. ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಅಂತ ಅಮ್ಮ ಕಲಿಸಿದ್ದು. ನಾನು ಪೂರ್ತಿ ಕಲಿತ ಪಾಠ ಅದೊಂದೇ.

ಜೊತೆಗೆ ಬಂದವನು ಮುರುಗಮಲ್ಲದ ಗೆಳೆಯ. ಆಟೋ ಸೀಟು ಹೊಲಿಯೋದು ಅವನ ಕಸುಬು. ಎಲ್ಲರೂ ಅವನನ್ನ ಭಾಯ್ ಅಂತೀವಿ. “ಸೀಟು ನಾನು ಹೊಲಿದಿದ್ದು, ಎಷ್ಟು ದೂರ ತಡೀತದೆ ನೋಡಬೇಕು” ಅಂತ ಬಂದು ಕೂತುಬಿಟ್ಟ. ಏಳು ಬೆಟ್ಟ ಹತ್ತಿ ಇಳಿದಿದ್ದಾಯಿತು. ಉಳಿದಿದ್ದು ಕೊನೇ ದಿನ, ಗೌರಿಬಿದನೂರಿನಿಂದ ಚಿಂತಾಮಣಿ. ಮನೆ ಬಾಗಿಲಿಗೆ ಬಂದ ಮೇಲೇನೇ ಎಲ್ಲಾ ಆಗಿದ್ದು.

ಏಳು ಕೊಂಡ

ನಮ್ಮದು ಗಡಿ ಸೀಮೆ, ತೆಲುಗು ಬೆರೆತ ಬಾಯಿ. ಬೆಟ್ಟಕ್ಕೆ ಕೊಂಡ ಅಂದುಬಿಡ್ತೀವಿ. ಅದೇ ಮಾತು ಮಂಡ್ಯದ ಕಡೆಯವರ ಕಿವಿಗೆ ಬಿದ್ದರೆ ಅವರ ಕಣ್ಣ ಮುಂದೆ ಬರೋದು ನಿಗಿನಿಗಿ ಕೆಂಡದ ಗುಂಡಿ, ಅದನ್ನ ಹಾಯುವ ಭಕ್ತರು. ಇದು ಆವತ್ತು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಗೌರಿಬಿದನೂರಿನ ಟೀ ಅಂಗಡಿ ಮುಂದೆ ಮಂಡ್ಯ ಕಡೆಯ ವಯಸ್ಸಾದ ದಂಪತಿ ಕಾರು ನಿಲ್ಲಿಸಿದ್ದರು. ಧೂಳು ಹಿಡಿದ ನಮ್ಮ ಗಾಡಿ ನೋಡಿ ಯಜಮಾನರು ಕೇಳಿದರು, “ಎಲ್ಲಿಗೋಗಿದ್ರಪ್ಪಾ?”

ಭಾಯ್ ಟೀ ಹೀರುತ್ತಾ ಹೇಳಿದ, “ಕೊಂಡ ಮುಗಿಸ್ಕೊಂಡು ಬರ್ತಾ ಇದೀವಿ ಸಾರ್. ಏಳು ಕೊಂಡ.”

“ಏಳು ಕೊಂಡಾನೂ ಹಾಯ್ದ್ರಾ? ಒಂದೇ ಸಲಕ್ಕಾ?”

“ಇದೇ ಆಟೋದಲ್ಲಿ ಸಾರ್. ಒಂದ್ರಲ್ಲಂತೂ ನಟ್ಟನಡುವೆ ಗಾಡಿ ನಿಂತೋಯ್ತು. ಅಲ್ಲೇ ಇಳಿದು ಟೀ ಕಾಯಿಸ್ಕೊಂಡು ಕುಡಿದ್ವಿ.”

ಅಮ್ಮಾವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ಕೊಂಡದೊಳಗೇ?”

“ಕತ್ತಲಾಗಿತ್ತು ಅಮ್ಮಾ, ಎಲ್ಲಿಗೆ ಹೋಗಣ? ಅಲ್ಲೇ ಚಾಪೆ ಹಾಸಿ ಮಲಗಿದ್ವಿ. ಅರೆ, ಏನ್ ಚಳಿ ಅಂತೀರಾ! ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಅಂತಿತ್ತು.”

ಯಜಮಾನರು ಬಗ್ಗಿ ನಮ್ಮ ಪಾದ ನೋಡಿದರು. ಅಮ್ಮಾವರು ಸೀದಾ ಬಂದು ಭಾಯ್ ಕಾಲಿಗೆ ನಮಸ್ಕಾರ ಮಾಡಿಬಿಟ್ಟರು. ಭಾಯ್ ಬೆಂಚು ಹತ್ತಿ ನಿಂತ. “ನಕ್ಕೋ ಅಮ್ಮಾ, ನಕ್ಕೋ! ಬೇಡ! ಕೈಕು, ಯಾಕೆ ಇದೆಲ್ಲ?”

ಅಷ್ಟು ಹೊತ್ತಿಗೆ ನನಗೆ ಹೊಳೆದಿತ್ತು. ಅಮ್ಮಾ, ಅದು ಬೆಂಕಿ ಕೊಂಡ ಅಲ್ಲ, ಬರೀ ಬೆಟ್ಟ ಅಂತ ಬಿಡಿಸಿ ಹೇಳಿದೆ. ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿ, ಗಂಡನ ಕಿವಿಯಲ್ಲಿ ಹೇಳಿದರು:

“ನೋಡಿ, ಮಾಡಿದ್ದನ್ನ ಹೇಳ್ಕೊಳ್ಳೋಕೂ ಒಪ್ಪಲ್ಲ. ಎಂಥಾ ವಿನಯ!”

ಮುಟ್ಟಬೇಡಿ

ಮಂಚೇನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಬರುವಾಗ ಒಂದು ಏರು. ಏಳು ಬೆಟ್ಟ ಹತ್ತಿದ ಗಾಡಿಗೆ ಅಲ್ಲಿ ಬಂತು ಏದುಸಿರು. ಭಾರ ಕಡಿಮೆ ಆಗಲಿ ಅಂತ ಭಾಯ್ ಇಳಿದು ಪಕ್ಕದಲ್ಲಿ ನಡೆದ. ತಳ್ಳಿದ ಅಂತ ಯಾರೂ ಅನ್ನಬಾರದು ಅಂತ ಎರಡೂ ಕೈಯನ್ನ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ನೋಡೋರಿಗೆ ನಾನು ಅವನನ್ನ ಅರೆಸ್ಟ್ ಮಾಡಿ ನಡೆಸ್ಕೊಂಡು ಹೋಗೋ ಹಾಗೆ.

ಹೂವಿನ ತೋಟದ ಕೆಲಸ ಮುಗಿಸಿ ಆರೇಳು ಜನ ಹೆಂಗಸರು ಬರ್ತಾ ಇದ್ದರು. ಗಾಡಿ ಮುಕ್ಕಿರಿಯೋದು ಕೇಳಿ, “ಪಾಪ, ಬನ್ರೇ, ಒಂದು ಕೈ ಹಾಕಣ” ಅಂತ ಓಡಿ ಬಂದರು. ನನ್ನ ಮೀಸೆ ಕಣ್ಣ ಮುಂದೆ ಬಂತು. ಗಾಬರಿಯಲ್ಲಿ ಕೂಗಿಬಿಟ್ಟೆ:

“ಮುಟ್ಟಬೇಡಿ! ಯಾರೂ ಮುಟ್ಟಬೇಡಿ!”

ಎಲ್ಲರೂ ನಿಂತರು. ಅವರಲ್ಲಿ ದೊಡ್ಡವರೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. “ಏನಂದೆ? ಇನ್ನೊಂದ್ಸಲ ಅನ್ನು.”

“ಅಕ್ಕಾ, ಹಂಗಲ್ಲ...”

“ಯಾವ ಕಾಲದಲ್ಲಿದೀಯೋ? ಮುಟ್ಟಬೇಡಿ ಅನ್ನೋ ಮಾತು ನಮ್ಮಜ್ಜಿ ಕಾಲಕ್ಕೇ ಸಾಕಾಗೈತೆ. ಈಗ ಮುಟ್ತೀವಿ. ಏನ್ ಮಾಡ್ತೀಯ?”

“ಅಕ್ಕಾ, ನಾನೂ ನಿಮ್ಮೋನೇ! ಮೀಟರ್ ಪಕ್ಕ ನೋಡಿ, ಬುದ್ಧ ಕೂತವ್ನೆ. ನಮ್ಮನೇಲೂ ಅವನೇ.”

ಅವರು ಒಳಗೆ ಬಗ್ಗಿ ಬುದ್ಧನನ್ನ ನೋಡಿದರು, ನನ್ನನ್ನ ನೋಡಿದರು. “ನಮ್ಮೋನೇ ಆಗಿ ಈ ಮಾತು ಆಡ್ತೀಯಾ? ಹಂಗಾದ್ರೆ ಇನ್ನೂ ಎರಡು ಜಾಸ್ತಿ ಬೈಬೇಕು.” ಬೈದರು. ಬೈಗುಳ ಮುಗಿಯೋವರೆಗೆ ಕಾದು ನಾನು ಪಂದ್ಯದ ಕತೆ ಹೇಳಿದೆ.

ಅಕ್ಕ ಒಂದು ಗಳಿಗೆ ಯೋಚನೆ ಮಾಡಿದರು. “ಪಂದ್ಯದಲ್ಲಿ ಏನಂದವ್ರೆ? ತಳ್ಳಬಾರದು ಅಂತ ತಾನೆ? ಮುಟ್ಟಬಾರದು ಅಂದಿಲ್ವಲ್ಲ?”

“ಇಲ್ಲಕ್ಕಾ.”

“ಬನ್ರೇ ಎಲ್ಲಾ! ಮುಟ್ರಿ. ತಳ್ಳಬೇಡಿ.”

ಸುತ್ತ ನಿಂತು ಒಬ್ಬೊಬ್ಬರೂ ಆಟೋ ಮೇಲೆ ಅಂಗೈ ಇಟ್ಟರು. ಏರು ಮುಗಿಯೋವರೆಗೆ ಹಾಗೇ ನಡೆದು ಬಂದರು, ದಿಬ್ಬಣ ಬಂದ ಹಾಗೆ. ಒಬ್ಬರೂ ತಳ್ಳಲಿಲ್ಲ. ಗಾಡಿ ತನ್ನಷ್ಟಕ್ಕೆ ಹತ್ತಿತು. ಏರಿನ ತುದಿಯಲ್ಲಿ ಅಕ್ಕ ಕೈ ತೆಗೆದು ಧೂಳು ಒರೆಸಿಕೊಂಡು ಹೇಳಿದರು:

“ಹೋಗಪ್ಪ. ಗಾಡಿ ಮೇಲೆ ಅಂಗೈ ಗುರುತವೆ, ಸಾಕ್ಷಿಗೆ ಆಗ್ತವೆ. ಆ ಹಿರಿಯಣ್ಣ ನಂಬದೇ ಇದ್ರೆ ಹೇಳು, ಬಂದು ಅವರನ್ನೂ ಮುಟ್ತೀವಿ.”

ಎರಡನೇ ಜ್ವರ

ಚಿಕ್ಕಬಳ್ಳಾಪುರದಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಾಕಿದರು. ಪಕ್ಕದಲ್ಲಿ ಒದ್ದೆ ಬಟ್ಟೆ ಮುಚ್ಚಿದ ತಟ್ಟೆಗಳು, ಅದರಲ್ಲಿ ರೇಷ್ಮೆ ಮರಿಹುಳು. ದಿಬ್ಬೂರಹಳ್ಳಿಗೆ ಹೋಗಬೇಕು, ಬಿಸಿಲು ತಾಗಿದರೆ ಬೆಳೆ ಹೋಯ್ತು ಅಂದರು.

ಭಾಯ್ ನನ್ನ ಕಿವಿಯಲ್ಲಿ ಹೇಳಿದ, “ಅಣ್ಣಾ, ನೆಟ್ಟಗೆ ಮನೆಗೆ ಹೋಗಣ. ದಿಬ್ಬೂರಹಳ್ಳಿ ಅಂದ್ರೆ ಸುತ್ತು.”

“ಏಳು ಬೆಟ್ಟ ಸುತ್ತಿದ ಗಾಡಿ ದಿಬ್ಬೂರಹಳ್ಳಿಗೆ ಹೆದರ್ತದಾ? ಹತ್ತಜ್ಜಿ.”

ಶಿಡ್ಲಘಟ್ಟ ದಾಟಿ ದಿಬ್ಬೂರಹಳ್ಳಿ ರಸ್ತೆಗೆ ತಿರುಗಿದ್ದೇ ಪೊಲೀಸರೊಬ್ಬರು ಕೈ ತೋರಿಸಿದರು. ಗಾಡಿ ಹಿಡಿದು ನಿಲ್ಲಿಸಿಕೊಂಡರೆ ಪಂದ್ಯ ಅಲ್ಲಿಗೇ ಮುಗೀತು. ಅವರು ಹೊಸಬರು, ಬಡಗಣ ಸೀಮೆಯವರು ಅಂತ ಮಾತಲ್ಲೇ ಗೊತ್ತಾಯಿತು.

“ಸೀಟಿನ ಮ್ಯಾಲೆ ಏನ್ರೀ ಅದು, ಅರಿವಿ ಮುಚ್ಚೀರಿ?”

ಅಜ್ಜಿ ಬೆರಳು ತುಟಿ ಮೇಲಿಟ್ಟರು. “ಮೆಲ್ಲಗೆ ಸಾಮಿ. ಜ್ವರಕ್ಕೆ ಕೂತವೆ.”

ಹುಳು ಪೊರೆ ಬಿಡೋ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನೋದು. ಒಂದು ಬೆಳೆಗೆ ನಾಲ್ಕು ಜ್ವರ. ಆ ಪೊಲೀಸಪ್ಪನಿಗೆ ಇದೆಲ್ಲಿ ಗೊತ್ತು? “ಜ್ವರ? ಯಾರಿಗ್ರೀ?”

“ನಮ್ಮ ಮಕ್ಕಳಿಗೆ ಸಾಮಿ. ಮಕ್ಕಳಂಗೇ ಸಾಕೋದು.”

“ಎಷ್ಟ್ ಮಂದಿಗೆ?”

“ಒಂದಿಪ್ಪತ್ತು ಸಾವಿರ ಇರಬೌದು. ಎಣಿಸ್ದೋರು ಯಾರು?”

ಪೊಲೀಸಪ್ಪ ಎರಡು ಹೆಜ್ಜೆ ಹಿಂದೆ ಹೋಗಿ ಕರ್ಚೀಫು ಮೂಗಿಗೆ ಹಿಡಿದರು. “ಊರಿಗೇ ಬಂದೈತೇನು? ದವಾಖಾನಿಗೆ ತೋರಿಸೀರಿಲ್ಲೋ?”

“ಯಾಕೆ ಸಾಮಿ? ಇದು ಎರಡನೇ ಜ್ವರ. ಇನ್ನೂ ಎರಡು ಬರಬೇಕು. ನಾಲ್ಕೂ ಬಂದ್ರೇನೇ ನಮಗೆ ಊಟ!”

ಲೈಸೆನ್ಸು ಕೇಳಲಿಲ್ಲ, ಪರ್ಮಿಟ್ಟು ಕೇಳಲಿಲ್ಲ. “ಹೋಗ್ರಿ, ಹೋಗ್ರಿ, ಲಗೂನ ಹೋಗ್ರಿ!” ಅಂತ ದೂರದಿಂದಲೇ ಕೈ ಬೀಸಿದರು. ಅಜ್ಜಿಯನ್ನ ಊರಲ್ಲಿ ಇಳಿಸಿ ನಾವು ವಾಪಸ್ ಬರೋ ಹೊತ್ತಿಗೆ ಪೊಲೀಸಪ್ಪ ಅಲ್ಲೇ ರಸ್ತೆ ಪಕ್ಕದ ಟ್ಯಾಂಕಿನ ನೀರಲ್ಲಿ ಮೊಣಕೈತನಕ ಕೈ ತೊಳೀತಿದ್ದರು. ನಮ್ಮನ್ನ ಕಂಡವರೇ ಟ್ಯಾಂಕಿನ ಹಿಂದೆ ಹೋಗಿ ನಿಂತರು.

ಒಂದು ಫೋನು

ಶಿಡ್ಲಘಟ್ಟಕ್ಕೆ ಮರಳಿ ಬಂದಾಗ ಹಿರಿಯಣ್ಣನ ಫೋನು.

“ಎಲ್ಲಿದೀಯೋ ಅರ್ಧಾ? ಸ್ಟ್ಯಾಂಡಲ್ಲಿ ಕ್ಷೌರದವನನ್ನ ಕರೆಸಿ ಕುರ್ಚಿ ಹಾಕಿಸಿದೀನಿ. ಎಡಗಡೇದಾ ಬಲಗಡೇದಾ ಅಂತ ಕೇಳ್ತಾ ಅವ್ನೆ.”

“ಅದನ್ನ ನೀವೇ ತೀರ್ಮಾನ ಮಾಡ್ಕೊಳ್ಳಿ ಅಣ್ಣಾ, ಮೀಸೆ ನಿಮ್ಮದು” ಅಂತ ಫೋನಿಟ್ಟೆ.

ಬರ್ತೀನಿ

ಚಿಂತಾಮಣಿ ಬಂತು. ಸ್ಟ್ಯಾಂಡು ಇನ್ನೇನು ಕೂಗಳತೆ ದೂರ. ಅಲ್ಲೊಂದು ಟೆಂಪೋದಿಂದ ಟೊಮೇಟೊ ಕ್ರೇಟುಗಳು ಉರುಳಿ ರಸ್ತೆ ತುಂಬಾ ಹಣ್ಣು. ಪಕ್ಕದ ಓಣಿಯಲ್ಲಿ ಹೋಗೋಣ ಅಂತ ರಿವರ್ಸ್ ಲಿವರ್ ಎಳೆದೆ. ಹಿಂದೆ ಬಂತು. ಲಿವರ್ ಬಿಟ್ಟೆ, ಅದು ಬಿಡಲಿಲ್ಲ. ಒಳಗೇ ಕಚ್ಚಿಕೊಂಡುಬಿಟ್ಟಿತ್ತು. ಒಂದನೇ ಗೇರು ಹಾಕಿದೆ, ಹಿಂದೆ ಹೋಯ್ತು. ಎರಡನೇದು ಹಾಕಿದೆ, ಇನ್ನೂ ಜೋರಾಗಿ ಹಿಂದೆ ಹೋಯ್ತು.

ಭಾಯ್ ತಲೆ ಮೇಲೆ ಕೈ ಹೊತ್ತು ಕೂತ. “ಖತಂ. ಏಳು ಕೊಂಡ ದಾಟಿ ಟೊಮೇಟೊ ಮುಂದೆ ಸೋತ್ವಿ.”

ನೋಡ್ತಾ ನಿಂತ ಒಬ್ಬ, “ಹಗ್ಗ ಕೊಡ್ಲಾ?” ಅಂದ. ಇನ್ನೊಬ್ಬ, “ತಳ್ತೀವಿ ಬಿಡಣ್ಣ” ಅಂದ. ಮೂರನೆಯವನು, “ಇಷ್ಟು ದೂರ ಬಂದಿದೀಯ, ಮುಕ್ಕಾಲು ಆಯ್ತು, ಸಾಕಲ್ವಾ?” ಅಂದ.

ಆ ಮುಕ್ಕಾಲು ಅನ್ನೋ ಮಾತು ನನಗೆ ಚುಚ್ಚಿತು. ಏಳನೇ ಕ್ಲಾಸು ಬಿಟ್ಟಾಗಿನಿಂದ ಅರ್ಧ, ಮುಕ್ಕಾಲು ಅನ್ನೋದನ್ನೇ ಕೇಳ್ತಾ ಬಂದವನು ನಾನು. ಇಂಜಿನ್ ಓಡ್ತಾ ಇದೆ, ಚಕ್ರ ಸುತ್ತುತ್ತಾ ಇದೆ. ಯಾವ ಕಡೆ ಸುತ್ತಬೇಕು ಅಂತ ಪಂದ್ಯದಲ್ಲಿ ಯಾರು ಹೇಳಿದ್ದರು?

“ಭಾಯ್, ಹಿಂದಿನ ಸೀಟಲ್ಲಿ ಹಿಂದೆ ತಿರುಗಿ ಕೂತ್ಕೋ. ದಾರಿ ಹೇಳು.”

ಓಣಿಯಲ್ಲಿ ಹಿಂದೆ ಹಿಂದೆಯೇ ಒಂದು ಸುತ್ತು ಹೊಡೆದು ಗಾಡಿಯ ಬೆನ್ನನ್ನ ಸ್ಟ್ಯಾಂಡ್ ಕಡೆ ತಿರುಗಿಸಿದೆ. ಹೊರಟಿತು ಮೆರವಣಿಗೆ. “ಎಡಕ್ಕೆ!” ಅಂತ ಭಾಯ್ ಕೂಗಿದ. ತಿರುಗಿಸಿದೆ. “ಆ ಎಡ ಅಲ್ಲ, ನನ್ನ ಎಡ!” ಕಬ್ಬಿನ ಹಾಲಿನವನು ಗಾಡಿ ಸಮೇತ ಹಾರಿ ನಿಂತ. ಆಮೇಲೆ ಎಡ ಬಲ ಬಿಟ್ಟು ಊರ ಲೆಕ್ಕಕ್ಕೆ ಬಂದೆವು. “ಬೇಕರಿ ಕಡೆ ಎಳಿ! ಮೆಡಿಕಲ್ ಕಡೆ ಬಿಡು! ಅಮ್ಮಾ ಸೈಡು! ಅರೆ, ಎಮ್ಮೆ ಕಡೆ ಬೇಡ!”

ಸ್ಟ್ಯಾಂಡಿನಲ್ಲಿ ಎಲ್ಲರೂ ಎದ್ದು ನಿಂತಿದ್ದರು. ನನ್ನ ಮುಖ ಅವರಿಗೆ ಕಾಣಲಿಲ್ಲ. ಕಂಡಿದ್ದು ಆಟೋದ ಬೆನ್ನು, ಅದರ ಮೇಲೆ ನನ್ನ ಸೊಟ್ಟ ಅಕ್ಷರ. ಗಾಡಿ ಹತ್ತಿರ ಹತ್ತಿರ ಬಂದು ಕುರ್ಚಿ ಮುಂದೆ ಗಕ್ಕನೆ ನಿಂತಿತು.

ಹಿರಿಯಣ್ಣ ಕೂಗಾಡಿದರು. “ನಡೆಯಲ್ಲ! ಗಾಡಿ ಮೂತಿ ಆ ಕಡೆಗಿದೆ. ಮೂತಿ ಎತ್ಲಾಗೋ ಗಾಡಿ ಅತ್ಲಾಗೆ. ಇವನು ಬಂದಿಲ್ಲ, ಹೋಗ್ತಾ ಇದಾನೆ!”

“ಹೋಗ್ತಾ ಇದ್ದೋನು ಇಲ್ಲಿಗೆ ಹೆಂಗೆ ಬಂದ ಅಣ್ಣಾ?”

“ಹಿಂದೆ ಹಿಂದೆ ಬಂದ್ರೆ ಬಂದಂಗಲ್ಲ!”

ಸ್ಟ್ಯಾಂಡು ಎರಡು ಪಾಲಾಯಿತು. ಬಂದಿದಾನೆ ಅಂತ ಅರ್ಧ ಜನ, ಹೋಗ್ತಿದಾನೆ ಅಂತ ಅರ್ಧ ಜನ. ಜಗಳ ಏರಿತು. ಅಷ್ಟು ಹೊತ್ತು ಕತ್ತರಿ ಹಿಡಿದು ಸುಮ್ಮನೆ ನಿಂತಿದ್ದ ಕ್ಷೌರದವನು ಬಾಯಿ ಬಿಟ್ಟ.

“ಯಾಕೆ ಕಿತ್ತಾಡ್ತೀರಾ? ಗಾಡೀನೇ ಹೇಳ್ತಾ ಐತಲ್ಲ. ಬೆನ್ನ ಮೇಲೆ ಓದಿ. ಹೋಗ್ತೀನಿ ಅಂತ ಬರೆದಿದ್ರೆ ಹೋಗ್ತಾ ಅವ್ನೆ. ಬರ್ತೀನಿ ಅಂತ ಬರೆದೈತೆ, ಬಂದವ್ನೆ. ಮುಗೀತಲ್ಲ?”

ಕ್ಷೌರದವನು ಕುರ್ಚಿ ಒರೆಸಿ, ಟವಲ್ ಜಾಡಿಸಿ, ಹಿರಿಯಣ್ಣನ ಕಡೆ ತಿರುಗಿದ.

“ಕೂತ್ಕೊಳ್ಳಿ ಅಣ್ಣಾ. ಎಡಗಡೇದಾ, ಬಲಗಡೇದಾ?”

ಮಾತಿಗೆ ತಪ್ಪೋ ಮನುಷ್ಯ ಅಲ್ಲ ಹಿರಿಯಣ್ಣ. ಕೂತರು. ಎದ್ದಾಗ ಒಂದು ಪಕ್ಕದಿಂದ ನೋಡಿದರೆ ಹಳೇ ಹುಲಿ, ಇನ್ನೊಂದು ಪಕ್ಕದಿಂದ ನೋಡಿದರೆ ಹೊಸ ಅಳಿಯ.

ಮಾರನೇ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಯಾರೋ ಜೋರಾಗಿ ಕೂಗಿದರು, “ಲೋ ಅರ್ಧಾ... ಅಲ್ಲಲ್ಲ, ಅರ್ಧಣ್ಣಾ! ಸರದಿ ಬಂತು!”

ಹಳೇ ಅಭ್ಯಾಸಕ್ಕೆ ನಾನು ಎದ್ದೆ. ಪಕ್ಕದಲ್ಲಿ, ಟವಲಿನಿಂದ ಮುಖ ಮುಚ್ಚಿಕೊಂಡು ಹಿರಿಯಣ್ಣ ಕೂತಿದ್ದರು. ಅವರು ನನ್ನ ಭುಜ ಒತ್ತಿ ಕೂರಿಸಿದರು.

“ನೀನ್ಯಾಕೋ ಏಳ್ತೀಯ? ಕರೆದಿದ್ದು ನನ್ನನ್ನ” ಅಂದರು. ಎದ್ದು ಗಾಡಿ ಸ್ಟಾರ್ಟ್ ಮಾಡಿ, ನನ್ನ ಕಡೆ ನೋಡದೆ ಹೇಳಿದರು: “ಬರ್ತೀನಿ.”