ಪಾರ್ಸೆಲ್ ಇಲ್ಲದ ಮೈಕ್ರೋಸ್ಕೋಪು

ಇಡೀ ಮದರಾಸಿನಲ್ಲಿ ಮೈಕ್ರೋಸ್ಕೋಪಿಗೆ ರೇಷ್ಮೆ ಉಡಿಸಿದ ಏಕೈಕ ಮನುಷ್ಯ ನಮ್ಮ ಚಿಕ್ಕಪ್ಪ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಆ ರೇಷ್ಮೆ ಚಿಕ್ಕಮ್ಮನ ಧಾರೆ ಸೀರೆಯ ಸೆರಗು ಎಂದರಂತೂ ನನ್ನನ್ನೇ ಆಸ್ಪತ್ರೆಗೆ ಸೇರಿಸುತ್ತೀರಿ!

ನಮ್ಮದು ಉಡುಪಿ ಕಡೆಯ ಹೋಟೆಲ್ ಕುಟುಂಬ. ನುಂಗಂಬಾಕ್ಕಂನಲ್ಲಿ ಅಪ್ಪ ಹೋಟೆಲು ನಡೆಸುತ್ತಿದ್ದರೆ, ಅವರ ತಮ್ಮ, ಈ ಚಿಕ್ಕಪ್ಪ, ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅರವತ್ತರ ದಶಕದ ಆರಂಭದ ಮಾತು. ಅರ್ಜಿ ಬರೆದೂ ಬರೆದೂ ಸರ್ಕಾರದ ಅನುದಾನದಲ್ಲಿ ಒಂದು ಜರ್ಮನ್ ಮೈಕ್ರೋಸ್ಕೋಪು ತರಿಸಿದರು. ಷರತ್ತು ಒಂದೇ: ಊರಿನ ನಾಲ್ಕು ಕಾಲೇಜುಗಳು ಅದನ್ನು ಹಂಚಿಕೊಂಡು ಬಳಸಬೇಕು. ಚಿಕ್ಕಪ್ಪ ಷರತ್ತಿಗೆ ಸಹಿ ಹಾಕಿದರು. ಕೋಣೆಗೆ ಬೀಗವನ್ನೂ ಹಾಕಿದರು.

ಪಕ್ಕದ ಕಾಲೇಜಿನ ಪ್ರೊಫೆಸರು ಬಂದು ಒಂದು ದಿನದ ಮಟ್ಟಿಗೆ ಕೇಳಿದರು.

"ಪಾರ್ಸೆಲ್ ಇಲ್ಲ ಸಾರ್."

"ಇಲ್ಲೇ ನೋಡಿ ಹೋಗ್ತೇನೆ."

"ಕ್ಲೀನಿಂಗ್ ನಡೀತಾ ಉಂಟು."

ವಾರ ಬಿಟ್ಟು ಬಂದರೂ ಕ್ಲೀನಿಂಗ್! ಹೋಟೆಲ್ ಮಾಲೀಕನ ತಮ್ಮನಿಗೆ ಗಿರಾಕಿಯನ್ನು ಸಾಗಹಾಕುವುದನ್ನು ಹೇಳಿಕೊಡಬೇಕೇ?

ಮೂರನೇ ವರ್ಷ ಸರ್ಕಾರದಿಂದ ಕಾಗದ ಬಂತು. ಶನಿವಾರ ಅಧಿಕಾರಿ ಬರುತ್ತಾರೆ, ಬೇರೆಯವರು ಬಳಸುತ್ತಿಲ್ಲವೆಂದು ಕಂಡರೆ ಉಪಕರಣವನ್ನು ಬೇರೆ ಊರಿಗೆ ಒಯ್ಯುತ್ತಾರೆ. ಎರಡು ದಿನ ಚಿಕ್ಕಪ್ಪ ಬೀಗದ ಕೈ ಹಿಡಿದು ಆ ಕೋಣೆಯ ಮುಂದೆ ಶತಪಥ ಹಾಕಿದರು. ಮೂರನೆಯ ದಿನ ಅಪ್ಪನ ಮುಂದೆ ನಿಂತರು.

"ಅಣ್ಣಾ, ಸ್ವಲ್ಪ ದೋಸೆ ಬೇಕಿತ್ತು."

"ತಿನ್ನು ಮಾರಾಯ."

"ಇನ್ನೂರು."

ಶನಿವಾರ ಮದರಾಸಿನ ವಿಜ್ಞಾನವೆಲ್ಲ ಬಂದು ಸಾಲುಗಟ್ಟಿತು! ತಮ್ಮದೇನಾದರೂ ತಂದು ಮೈಕ್ರೋಸ್ಕೋಪಿನಲ್ಲಿ ನೋಡಿದವರಿಗೆ ಅಪ್ಪನ ಹೋಟೆಲಿನಲ್ಲಿ ಮಸಾಲೆ ದೋಸೆ ಬಿಟ್ಟಿ. ಒಬ್ಬರು ಪಾಚಿ ತಂದರು, ಒಬ್ಬರು ಸೊಳ್ಳೆಯ ರೆಕ್ಕೆ. ಇತಿಹಾಸದ ಮೇಷ್ಟ್ರೊಬ್ಬರು ಸ್ವಂತ ಮೀಸೆಯ ಕೂದಲು ಕಿತ್ತು ತಂದಿದ್ದರು. ಹೋಟೆಲಿನ ಪದ್ಧತಿಯಂತೆ, ನೋಡುತ್ತಿದ್ದವರ ಕುರ್ಚಿಯ ಬೆನ್ನು ಹಿಡಿದು ಮುಂದಿನವರು ಕಾಯುತ್ತಿದ್ದರು. ಆದರೆ ಕಂಡದ್ದನ್ನು ಬಾಯಿಬಿಟ್ಟು ವರ್ಣಿಸದೆ ಚಿಕ್ಕಪ್ಪ ದೋಸೆಯ ಚೀಟಿ ಕೊಡುತ್ತಿರಲಿಲ್ಲ.

"ಎಂತ ಕಾಣ್ತದೆ? ಬಣ್ಣ ಹೇಳಿ. ಅಂಚು ಹೇಗುಂಟು?"

ಮೀಸೆಯ ಅಂಚು ಹೇಗಿರುತ್ತದೆ ಸ್ವಾಮಿ! ಪಾಪ, ದೋಸೆಯ ಆಸೆಗೆ ಮೇಷ್ಟ್ರು ಕಾಲು ಗಂಟೆ ವರ್ಣಿಸಿದರು.

ಅಷ್ಟರಲ್ಲಿ ಸೂಟು ತೊಟ್ಟವರೊಬ್ಬರು ನಡುವೆ ನುಗ್ಗಿದರು. "ವರಿಸೈಯಿಲೆ ವಾಂಗೊ ಸಾರ್, ಸಾಲಿನಲ್ಲಿ ಬನ್ನಿ!" ಎಂದು ಚಿಕ್ಕಪ್ಪ ಅವರನ್ನು ಬಾಲಕ್ಕೆ ಅಟ್ಟಿದರು. ಅವರೇ ಅಧಿಕಾರಿ! ಎರಡು ಗಂಟೆ ನಿಂತರು, ನೋಡಿದರು, ವರ್ಣಿಸಿದರು. "ಇಷ್ಟು ಬಳಕೆ ಎಲ್ಲೂ ಕಂಡಿಲ್ಲ" ಎಂದು ಬರೆದು, ಎರಡು ದೋಸೆ ತಿಂದು ಹೋದರು. ಮೈಕ್ರೋಸ್ಕೋಪು ಉಳಿಯಿತು.

ಸಂಜೆ ಉಳಿದವಳು ನಾನೊಬ್ಬಳೇ. ಆಗ ಬಿ.ಎಸ್ಸಿ. ಓದುತ್ತಿದ್ದೆ. ದಾಸವಾಳದ ಪರಾಗ ಇಟ್ಟು ಬಗ್ಗಿದೆ.

"ಎಂತ ಕಾಣ್ತದೆ ಮಗಾ?"

"ಚೀಟಿ ಬೇಡ ಚಿಕ್ಕಪ್ಪ. ನೀವೇ ನೋಡಿ."

ಅವರು ಬಾಗಿಲಿನತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. "ಕಣ್ಣಿಗೆ ಪೊರೆ ಬಂದು ಮೂರು ವರ್ಷ ಆಯ್ತು. ದೊಡ್ಡದೆಲ್ಲ ಕಾಣ್ತದೆ. ಇದ್ರಲ್ಲಿ ಎಂತದೂ ಇಲ್ಲ, ಬರೀ ಮಂಜು. ಗೊತ್ತಾದ್ರೆ ಬೇರೆಯವ್ರ ಕೈಗೆ ಕೊಟ್ಟುಬಿಡ್ತಾರೆ ಅಂತ ಯಾರನ್ನೂ ಒಳಗೆ ಬಿಡ್ಲಿಲ್ಲ." ಆಮೇಲೆ ನಕ್ಕರು. "ಇವತ್ತು ಎಷ್ಟೆಲ್ಲ ನೋಡಿದೆ ಗೊತ್ತುಂಟಾ? ಆ ಮೀಸೆ ಕೂಡ!"

ನನಗೆ ಅವರ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು. ಮತ್ತೆ ಬಗ್ಗಿದೆ. ಕಣ್ಣು ತುಂಬಿ ನನಗೂ ಏನೂ ಕಾಣಲಿಲ್ಲ. ಆದರೂ ಹೇಳುತ್ತಾ ಹೋದೆ.