ದಯವಿಟ್ಟು ಒಂದು ದೂರು ಕೊಡಿ

ಇಷ್ಟಕ್ಕೆಲ್ಲ ಕಾರಣ ಒಂದು ಸೊನ್ನೆ. ಬೆಳಗ್ಗೆ ಎದ್ದು ಲ್ಯಾಪ್‌ಟಾಪ್ ತೆರೆದಾಗ ಅಲ್ಲೇ ಇತ್ತು. ಹಲ್ಲುಜ್ಜಿ ಬಂದು ನೋಡಿದ, ಅಲ್ಲೇ ಇತ್ತು. ಕಾಫಿ ಕುಡಿದು ನೋಡಿದರೂ ಗುಂಡು ಕಲ್ಲಿನ ಹಾಗೆ ಅಲ್ಲೇ ಕೂತಿತ್ತು.

ಹುಡುಗ ಬಿಸಿನೆಸ್ ಡಿಗ್ರಿಯ ಕೊನೆಯ ವರ್ಷ. ಓದುತ್ತಿದ್ದದ್ದು ಇನ್ಫರ್ಮೇಶನ್ ಸಿಸ್ಟಮ್ಸ್. ಹಾಗೆಂದರೇನು ಅಂತ ಮನೆಯವರಿಗೂ ಗೊತ್ತಿಲ್ಲ, ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಮೊಬೈಲ್ ಕೆಟ್ಟರೆ ತೋರಿಸೋಕೆ ಒಬ್ಬ ಇದ್ದಾನೆ, ಅಷ್ಟೇ ಲೆಕ್ಕ. ಇಡೀ ಅಪಾರ್ಟ್‌ಮೆಂಟು ಅವನನ್ನು ‘ಸಿಸ್ಟಂ’ ಅಂತ ಕರೆಯುತ್ತಿತ್ತು. ಕೇಳಿದಾಗೆಲ್ಲ ಅವನಿಗೆ ಮೈ ಉರಿಯುತ್ತಿತ್ತು.

ಕೊನೆಯ ಪರೀಕ್ಷೆಗೆಂದು ಅವನು ಅದೇ ಅಪಾರ್ಟ್‌ಮೆಂಟಿಗೆ ದೂರು ಕೊಡುವ ಸಿಸ್ಟಂ ಒಂದನ್ನು ಮಾಡಿದ್ದ. ಯಾವ ಮನೆಯಿಂದ ಏನು ತೊಂದರೆಯೋ ಮೊಬೈಲಿನಲ್ಲಿ ಬರೆದರೆ ಸಾಕು. ಸಂಘದ ಸೆಕ್ರೆಟರಿ ಅದಕ್ಕೊಂದು ಬಾಲ ಸೇರಿಸಿದ್ದರು. “ಬರೀ ಬುಸ್ ಅಂದ್ರೆ ಯಾರಯ್ಯಾ ಹೆದರ್ತಾರೆ? ಒಂದೇ ದಿನ ಐದು ಮನೆಯವರು ಒಂದು ಮನೆ ಮೇಲೆ ದೂರು ಕೊಟ್ರೆ, ‘ಬಾಡಿಗೆಯವರನ್ನ ಖಾಲಿ ಮಾಡಿಸಿ’ ಅಂತ ಓನರಿಗೆ ಸಂಘದ ನೋಟೀಸು ತಾನಾಗೇ ಹೋಗ್ಬೇಕು.” ಕಾಲೇಜಿನ ಮೇಡಂ ಇನ್ನೊಂದು ಸೇರಿಸಿದರು. “ಒಮ್ಮೆ ಬಂದ ದೂರನ್ನ ಯಾರೂ ಅಳಿಸೋ ಹಾಗಿರಬಾರದು. ನೀನೂ ಅಷ್ಟೇ. ಇಲ್ಲಾಂದ್ರೆ ಜನ ಹೇಗೆ ನಂಬ್ತಾರೆ?” ಅವನು ಎರಡಕ್ಕೂ ಹೂಂ ಅಂದು, ನಿದ್ದೆಗೆಟ್ಟು ಮಾಡಿದ್ದ.

ಮೂರು ತಿಂಗಳಾಯಿತು. ಬಂದ ದೂರುಗಳು ಸೊನ್ನೆ.

ಇವತ್ತು ಮಧ್ಯಾಹ್ನ ಪರೀಕ್ಷೆ. “ಯಾರೂ ಬಳಸದಿರೋದು ಸಿಸ್ಟಮ್ಮೇ ಅಲ್ಲ. ನಿಜವಾದ ದೂರು ತೋರಿಸು, ಇಲ್ಲಾ ಮುಂದಿನ ವರ್ಷ ಬಾ,” ಅಂದಿದ್ದರು ಮೇಡಂ. ಸುಳ್ಳುಪಳ್ಳು ತುಂಬಿಸೋಣವೆಂದರೆ, ದೂರು ಬರೆದವರಿಗೇ ಫೋನ್ ಮಾಡಿ ವಿಚಾರಿಸುವ ಹೆಂಗಸು ಆಕೆ.

“ದೂರಿಲ್ಲ ಅಂದ್ರೆ ಒಳ್ಳೇದೇ ಅಲ್ವೇನೋ? ಜನ ಸುಖವಾಗಿದ್ದಾರೆ,” ಅಂದಳು ಅಮ್ಮ.

“ಸುಖವಾ? ಈ ಜನವಾ?” ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಗಿಲು ದಡಾರನೆ ಎಳೆದುಕೊಂಡು ಹೊರಟ.

ಮೊದಲು ಕೆಳಗಿನ ಮನೆಯ ಆಂಟಿ. ಮೇಲಿನ ಮನೆಯ ಜಿಮ್ ಮಾಸ್ತರರ ಬಗ್ಗೆ ಕೇಳಿದ್ದೇ ತಡ, ಆಕೆಯ ಬಾಯಿಗೆ ಬೀಗವೇ ಇಲ್ಲದಾಯಿತು. “ಧಡ್ ಧಡ್ ಅಂತ ಕಬ್ಬಿಣ ಎತ್ತಿ ಹಾಕ್ತಾನಪ್ಪಾ! ನನ್ನ ತಲೆ ಮೇಲೇ ಬಿದ್ದ ಹಾಗಾಗುತ್ತೆ. ಹಾಳಾಗಿ ಹೋಗ್ಲಿ ಅವನು!”

“ಇದನ್ನೇ ಬರೀರಿ ಆಂಟಿ. ಹೀಗೇ, ಒಂದಕ್ಷರ ಬಿಡದೆ.”

“ಅಯ್ಯಯ್ಯೋ, ಬರೆಯೋದಾ? ನಮಗ್ಯಾಕಪ್ಪಾ ಊರ ಉಸಾಬರಿ! ದಿನಾ ಮುಖ ಮುಖ ನೋಡ್ಬೇಕು.” ಆಮೇಲೆ ಮೊಬೈಲ್ ಚಾಚಿದರು. “ಬಂದಿದ್ದೀಯಲ್ಲ, ಹಾಗೇ ಇದ್ಯಾಕೋ ಕೂಗ್ತಾ ಇಲ್ಲ, ನೋಡು.”

ಅವನು ಹಲ್ಲು ಕಚ್ಚಿಕೊಂಡು ಅದನ್ನು ಕೂಗಿಸಿದ. ಅದರಲ್ಲೇ ತನ್ನ ಸಿಸ್ಟಮ್ಮನ್ನೂ ಹಾಕಿ, ಎಲ್ಲಿ ಒತ್ತಬೇಕು, ಎಲ್ಲಿ ಬರೆಯಬೇಕು ಅಂತ ಬೆರಳು ಹಿಡಿದು ಹೇಳಿಕೊಟ್ಟ. ಆಂಟಿ ಬೇಗ ಕಲಿತರು. ದೂರು ಮಾತ್ರ ಕೊಡಲಿಲ್ಲ.

ಜಿಮ್ ಮಾಸ್ತರರದ್ದೂ ಅದೇ ರಾಗ. “ಆ ಯಮ್ಮ ಕೋಳಿ ಕೂಗೋ ಮುಂಚೆ ಮಿಕ್ಸಿ ಹಾಕ್ತಾರೆ ಕಣೋ! ನಿದ್ದೆ ಇಲ್ಲ, ನೆಮ್ಮದಿ ಇಲ್ಲ.”

“ಬರೀರಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ.”

“ಥೂ, ಇಷ್ಟು ದೊಡ್ಡ ಮೈ ಇಟ್ಕೊಂಡು ವಯಸ್ಸಾದ ಹೆಂಗಸಿನ ಮೇಲೆ ದೂರು ಕೊಡೋದಾ? ಮರ್ಯಾದೆ ಪ್ರಶ್ನೆ. ಅದಿರ್ಲಿ ಸಿಸ್ಟಂ, ಈ ಪ್ರಿಂಟರ್ ಸ್ವಲ್ಪ ನೋಡು.”

ಪ್ರಿಂಟರ್ ನೋಡಿದ. ಪ್ರಿಂಟರ್ ಅವನ ಬಿಳಿ ಅಂಗಿಯ ಮೇಲೆ ಕರಿ ಇಂಕು ಕಾರಿಕೊಂಡಿತು. ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೆಟ್ಟಿಲಲ್ಲಿ ಸಿಕ್ಕ ಸೆಕ್ರೆಟರಿಯನ್ನಾದರೂ ಕೇಳೋಣವೆಂದು ಕೈ ಜೋಡಿಸಿದ. ಅವರು ಗಾಬರಿಯಾದರು. “ನಾನಾ? ನಾನೇ ದೂರು ಕೊಟ್ರೆ, ಸೆಕ್ರೆಟರಿ ಕೆಲಸ ಮಾಡ್ತಿಲ್ಲ ಅಂತ ನಾನೇ ಒಪ್ಕೊಂಡ ಹಾಗಾಯ್ತಲ್ಲಯ್ಯಾ! ಬೇರೆ ಯಾರನ್ನಾದ್ರೂ ಕೇಳು. ಅಂದ ಹಾಗೆ ಈ ಕೊಳಕು ಅಂಗಿ ಹಾಕ್ಕೊಂಡು ಪರೀಕ್ಷೆಗೆ ಹೋಗ್ತಿದ್ದೀಯಾ?”

ಅಲ್ಲಿಗೆ ಅವನ ತಾಳ್ಮೆ ತುಂಡಾಯಿತು. ಎಷ್ಟು ಅಂತ ಸಹಿಸ್ತಾನೆ ಪಾಪ? ಮೆಟ್ಟಿಲ ನಡುವೆ ನಿಂತು, ಮೇಲೂ ಕೆಳಗೂ ಕೇಳುವ ಹಾಗೆ ಕಿರುಚಿದ.

“ಹೇಡಿಗಳು! ಎಲ್ಲರೂ ಹೇಡಿಗಳು! ಬೆನ್ನ ಹಿಂದೆ ಊರೆಲ್ಲಾ ಬೈತೀರಿ, ಬರೀರಿ ಅಂದ್ರೆ ಬೆರಳಿಗೆ ಲಕ್ವ ಹೊಡೆಯುತ್ತೆ! ಆಂಟಿ, ನಿಮ್ಮ ಮಿಕ್ಸಿ ಸದ್ದಿಗೆ ಸತ್ತೋರೂ ಎದ್ದು ಕೂರ್ತಾರೆ! ಮಾಸ್ತರೇ, ಮೈ ಬೆಳೆಸಿದ್ರಿ, ತಲೆ ಬೆಳೆಸಲಿಲ್ಲ! ಸೆಕ್ರೆಟರಿ ಸಾರ್, ನೀವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ! ಇನ್ನು ಮೇಲೆ ಯಾರಾದ್ರೂ ಮೊಬೈಲ್ ಹಿಡ್ಕೊಂಡು ನನ್ನ ಮನೆ ಹತ್ರ ಬನ್ನಿ, ಮಾಡ್ತೀನಿ ನಿಮಗೆ!”

ಎಲ್ಲ ಮಹಡಿಯಲ್ಲೂ ಬಾಗಿಲುಗಳು ತೆರೆದವು. ಅವನು ದುಡುದುಡು ಇಳಿದು ಬಸ್ಸು ಹಿಡಿದ. ಒಂದು ವರ್ಷ ಹೋದರೂ ಹೋಗಲಿ, ಎದೆ ಮಾತ್ರ ಹಗುರಾಗಿತ್ತು.

ಪರೀಕ್ಷೆಯ ಕೋಣೆಯಲ್ಲಿ ಮೇಡಂ ಅಂಗಿಯ ಕಲೆ ನೋಡಿದರು, ಗಡಿಯಾರ ನೋಡಿದರು, ಆಮೇಲೆ ಗೋಡೆಯ ಮೇಲಿನ ದೊಡ್ಡ ಪರದೆ ನೋಡಿದರು. ಅದರಲ್ಲಿ ಕಾಣುತ್ತಿದ್ದದ್ದು ದೂರುಗಳ ಎಣಿಕೆ, ಕೊಟ್ಟವರ ಫೋನ್ ನಂಬರು, ಅಷ್ಟೇ. ಸೊನ್ನೆ.

“ಏನಪ್ಪಾ ಇದು?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಸೊನ್ನೆ ಹೋಗಿ ಒಂದಾಯಿತು. ಕಣ್ಣು ಉಜ್ಜಿಕೊಂಡ. ಎರಡಾಯಿತು. ಮೂರು, ನಾಲ್ಕು! ಬೆಂಚಿನಲ್ಲಿದ್ದ ಹುಡುಗರು ಎದ್ದು ನಿಂತರು. ಐದು! ಪರದೆಯ ಮೂಲೆಯಲ್ಲಿ ‘ನೋಟೀಸು ರವಾನೆಯಾಗಿದೆ’ ಅಂತ ಹಸಿರು ಅಕ್ಷರ ಮೂಡಿತು.

“ಅರೆ! ಕಣ್ಣೆದುರೇ ಬರ್ತಿದೆಯಲ್ಲ!” ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ತಕ್ಷಣ ಮೊದಲ ದೂರು ಕೊಟ್ಟವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. “ದೂರು ಕೊಟ್ಟಿದ್ದು ನೀವೇನಾ? ನಿಜವಾದ ದೂರೇನಾ?”

“ನಾನೇ ಕಣಮ್ಮಾ!” ಕೆಳಗಿನ ಮನೆಯ ಆಂಟಿಯ ಕಂಠ ಕೋಣೆ ತುಂಬಿತು. “ಅಕ್ಷರ ಅಕ್ಷರವೂ ನಿಜ! ಜಿಮ್ ಮಾಸ್ತರೂ ಪಕ್ಕದಲ್ಲೇ ಇದ್ದಾರೆ, ಬೇಕಾದ್ರೆ ಕೇಳಿ. ಪಾಪ, ಕಾಗುಣಿತ ತಿದ್ದಿಕೊಟ್ಟಿದ್ದೇ ಅವರು.”

ಆಂಟಿ, ಮಾಸ್ತರು, ಒಟ್ಟಿಗೆ! ಅವನ ಕಣ್ಣಲ್ಲಿ ನೀರು ಬಂತು. ಬೈದರೆ ಬುದ್ಧಿ ಬರುತ್ತೆ ಅಂತಾರಲ್ಲ, ಅದೇ ನಿಜ ಅಂದುಕೊಂಡ. ಛೇ, ಅಷ್ಟು ಬೈಯಬಾರದಿತ್ತು, ಸಂಜೆ ಎಲ್ಲರ ಹತ್ತಿರ ಕ್ಷಮೆ ಕೇಳಬೇಕು.

“ಪಾಸು! ಪೂರ್ತಿ ಮಾರ್ಕ್ಸು!” ಮೇಡಂ ಕೈ ಕುಲುಕಿದರು. “ಬೇರೆಯವರೆಲ್ಲ ಬೇಕೆಂದಾಗ ಅಳಿಸೋ ಆಟಿಕೆ ಮಾಡ್ಕೊಂಡು ಬಂದಿದ್ದಾರೆ. ನೀನೊಬ್ಬನೇ ನೋಡು, ಹೇಳಿದ ಹಾಗೆ ಮಾಡಿರೋನು.”

ಹೊರಗೆ ಬಂದಾಗ ಜೇಬಿನಲ್ಲಿ ಫೋನ್ ನಡುಗುತ್ತಿತ್ತು. ಅಮ್ಮ.

“ಅಮ್ಮಾ, ಪಾಸಾದೆ!”

“ಹಾಳಾಗಿ ಹೋಗ್ಲಿ ನಿನ್ನ ಪಾಸು! ನಮ್ಮ ಮನೆ ಮೇಲೆ ಐದು ಮನೆಯವರು ದೂರು ಕೊಟ್ಟಿದ್ದಾರಂತೆ. ಮಗ ಮೆಟ್ಟಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದ ಅಂತ. ಓನರು ನೋಟೀಸು ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದಾರೆ, ಈ ತಿಂಗಳೇ ಖಾಲಿ ಮಾಡ್ಬೇಕಂತೆ. ತಮ್ಮ ಮಗಳ ಸಂಸಾರ ಇಲ್ಲಿಗೆ ತಂದಿಡೋಕೆ ಒಂದು ನೆಪ ಬೇಕಿತ್ತು ಅವರಿಗೆ, ನೀನೇ ಕೈಗೆ ಕೊಟ್ಟೆ!”

ಅವನು ಕಾಲೇಜಿನ ಮೆಟ್ಟಿಲ ಮೇಲೇ ಕೂತುಬಿಟ್ಟ.

“ನೀನೇ ಮಾಡಿದ್ದಲ್ವೇನೋ ಆ ದರಿದ್ರ ಸಿಸ್ಟಮ್ಮು? ಓನರು ಇನ್ನೂ ಇಲ್ಲೇ ಇದ್ದಾರೆ, ಬೇಗ ಆ ದೂರುಗಳನ್ನ ಅಳಿಸಿ ಹಾಕು!”

“ಅಳಿಸೋಕೆ ಆಗಲ್ಲಮ್ಮಾ,” ಅಂದ ಅವನು. “ಅದಕ್ಕೇ ಪೂರ್ತಿ ಮಾರ್ಕ್ಸ್ ಕೊಟ್ಟಿರೋದು.”